ಅಪ್‌ಡೇಟ್: ಹಿಮಕ್ಕೆ ಯಾವ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ) ಕಾರು ಅಂತ ಕೇಳಿದ್ದೆನಲ್ಲ, ತಗೊಂಡೆವು

ನೆನಪಿದೆಯಾ, ಅಮೆರಿಕದ ಮಿನಿಯಾಪೊಲಿಸ್, ಇಬ್ಬರು ಮಕ್ಕಳು, ಟೊಯೊಟಾ ರಾವ್4 ಹೈಬ್ರಿಡ್ಡೋ ಹೋಂಡಾ ಸಿಆರ್-ವಿ ಹೈಬ್ರಿಡ್ಡೋ ಅಂತ ಅಕ್ಟೋಬರ್‌ನಲ್ಲಿ ಕೇಳಿದ್ದೆ. ಕೊನೆಗೆ 2025ರ ಸಿಆರ್-ವಿ.

ಮೈಲೇಜ್‌ನಲ್ಲಿ ರಾವ್4 ಮುಂದೆ, ನಿಜ. ಇಪಿಎ (ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ) ಲೆಕ್ಕದಲ್ಲಿ ಆ ವರ್ಷದ ರಾವ್4ಗೆ ಗ್ಯಾಲನ್‌ಗೆ ಸುಮಾರು 40 ಮೈಲಿ, ಆಲ್-ವೀಲ್ (ನಾಲ್ಕೂ ಚಕ್ರ ಎಳೆಯುವ) ಸಿಆರ್-ವಿಗೆ 37. ಆದರೆ ಚಿಕ್ಕವನ ಮಕ್ಕಳ ಸೀಟನ್ನು ಹಿಂದಕ್ಕೆ ಮುಖ ಮಾಡಿ ಕಟ್ಟಿ ನೋಡಿದಾಗ ರಾವ್4ನಲ್ಲಿ ಮುಂದೆ ಕೂತ ಹೆಂಡತಿಯ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು, ಅಲ್ಲಿಗೆ ತೀರ್ಮಾನ ಆಗಿಹೋಯಿತು.

ರಾವ್4ನಲ್ಲಿ ಹಿಂದಿನ ಚಕ್ರಗಳಿಗೆ ಬೇರೆ ಮೋಟಾರ್, ಸಿಆರ್-ವಿಯಲ್ಲಿ ಮುಂದಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಶಾಫ್ಟ್ (ತಿರುಗುವ ದಂಡ), ಯಾವುದು ಮೇಲು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಸುಮ್ನೆ! ಮೊದಲ ಹಿಮದ ದಿನ ಕಾರು ಆರಾಮಾಗಿ ಹೊರಟಿತು, ಸ್ಟಾಪ್ ಸೈನ್ ಹತ್ತಿರ ಬ್ರೇಕ್ ಒತ್ತಿದರೆ ಜಾರಿಕೊಂಡು ಅರ್ಧ ರಸ್ತೆ ದಾಟಿ ನಿಂತಿತು. ಪುಣ್ಯಕ್ಕೆ ಎದುರಿಗೆ ಯಾರೂ ಇರಲಿಲ್ಲ. ನಾಲ್ಕೂ ಚಕ್ರ ಎಳೆದರೆ ಹೊರಡಲು ಸುಲಭ, ನಿಲ್ಲಿಸುವುದು ಟೈರ್. ಕಾರಿನಲ್ಲಿದ್ದ ಆಲ್-ಸೀಸನ್ (ಎಲ್ಲ ಕಾಲಕ್ಕೂ ಅಂತ ಮಾಡಿದ) ಟೈರಿನ ರಬ್ಬರ್ 7 ಡಿಗ್ರಿ ಸೆಲ್ಸಿಯಸ್ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದೇ ವಾರ ನಾಲ್ಕೂ ವಿಂಟರ್ ಟೈರ್ ಹಾಕಿಸಿದೆ, ಈಗ ಬೇರೆಯೇ ಕಾರು ಅನ್ನಿಸುತ್ತದೆ.

ಮೈಲೇಜ್ ಮಾತ್ರ ಚಳಿಗೆ 30ರ ಹತ್ತಿರ ಬಿದ್ದಿದೆ. ಹೀಟರ್‌ಗೋಸ್ಕರ ಎಂಜಿನ್ ಜಾಸ್ತಿ ಹೊತ್ತು ಓಡುತ್ತದೆ, ಅಲ್ವಾ.