ಪದ ಬೇಕಾಗಿದೆ: ಬಾವಿ ನಕ್ಷೆಯ ದೊಡ್ಡ-ಚಿಕ್ಕ ದುಂಡುಗಳಿಗೆ ಏನೆನ್ನೋಣ?

ಪುಣೆ, ಸೋಮವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ.

ಬುಧವಾರ ರಾತ್ರಿಯೊಳಗೆ ನನಗೆ ಮೂರು ಪದ ಬೇಕು. ಗುರುವಾರ ಬೆಳಿಗ್ಗೆ ಪೇಂಟರ್ ಬಣ್ಣ ಕಲಸಿಕೊಂಡು ಗೋಡೆ ಮುಂದೆ ನಿಂತಿರುತ್ತಾರೆ.

ವಿಷಯ ಇದು. ಸಾಂಗ್ಲಿ ಜಿಲ್ಲೆ ಜತ್ ತಾಲೂಕಿನ ಒಂದು ಊರು. ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ. ಅಲ್ಲಿನ ಬಾವಿ, ಬೋರುಗಳಲ್ಲಿ ಎಷ್ಟು ನೀರು ಬರುತ್ತದೆ ಅಂತ ಊರಿನವರ ಜೊತೆ ಸೇರಿ ನಾವು ಕೆಲವರು ಅಳೆದಿದ್ದೇವೆ. ಈಗ ಅದನ್ನು ಗ್ರಾಮ ಪಂಚಾಯ್ತಿಯ ಗೋಡೆ ಮೇಲೆ ನಕ್ಷೆಯಾಗಿ ಬರೆಸಬೇಕು. ಬಾವಿ ಇರುವ ಕಡೆ ಒಂದು ದುಂಡನೆಯ ಗುರುತು. ನೀರು ಜಾಸ್ತಿ ಇದ್ದರೆ ದೊಡ್ಡದು, ಕಡಿಮೆ ಇದ್ದರೆ ಚಿಕ್ಕದು. ಅದರ ಒಳಗೆ, ಆ ನೀರು ಯಾವುದಕ್ಕೆ ಎಷ್ಟು ಹೋಗುತ್ತದೆ ಅನ್ನುವುದು ಬಣ್ಣದ ಹೋಳುಗಳಲ್ಲಿ: ದ್ರಾಕ್ಷಿ, ದಾಳಿಂಬೆ, ಜೋಳ, ಕುಡಿಯಲು, ದನಕರುಗಳಿಗೆ. ಇಂಗ್ಲಿಷಿನವರು ಮೊದಲನೆಯದನ್ನು ಬಬಲ್ ಮ್ಯಾಪ್ ಅನ್ನುತ್ತಾರೆ, ಎರಡನೆಯದನ್ನು ಪೈ ಚಾರ್ಟ್.

ಮರಾಠಿ ಬರಹ ಮುಗಿದಿದೆ. ಕನ್ನಡಕ್ಕೆ ಯಾರೋ ಮೊಬೈಲಿನಲ್ಲೇ ತರ್ಜುಮೆ ಮಾಡಿಸಿ ಕೊಟ್ಟರು. ‘ಗುಳ್ಳೆ ನಕ್ಷೆ’, ‘ಕಡುಬು ಪಟ್ಟಿ’ ಅಂತ ಬಂತು. ಕೆಳಗಡೆ ಗುರುತುಗಳ ವಿವರ ಬರೆಯುವ ಜಾಗಕ್ಕೆ, ಇಂಗ್ಲಿಷಿನ ‘ಲೆಜೆಂಡ್’ಗೆ, ‘ದಂತಕಥೆ’ ಅಂತ ಇತ್ತು. ಅದನ್ನು ಗೋಡೆಗೆ ಏರಿಸಲು ನನಗೆ ಮನಸ್ಸಿಲ್ಲ.

ಬೇಕಾದ್ದು: ನೀರಿಗೆ ತಕ್ಕಂತೆ ಹಿಗ್ಗುವ ಕುಗ್ಗುವ ಆ ದುಂಡಿಗೆ ಒಂದು ಹೆಸರು, ಹೋಳಾದ ದುಂಡಿಗೆ ಒಂದು ಹೆಸರು, ಮತ್ತೆ ‘ಪ್ರಪೋರ್ಷನಲ್’ ಅನ್ನುವುದಕ್ಕೆ ಊರಿನವರು ಓದಿದ ಕೂಡಲೇ ತಿಳಿಯುವ ಮಾತು.

—

ದಾದರ್, ಸೋಮವಾರ ಮಧ್ಯಾಹ್ನ

ಹೊಸದಾಗಿ ಹುಡುಕುವ ಅಗತ್ಯವೇ ಇಲ್ಲಮ್ಮ. ‘ಪ್ರಮಾಣಾನುಗುಣ ವೃತ್ತ ನಕ್ಷೆ’. ಹೋಳಾದದ್ದು ‘ವಿಭಾಜಿತ ವೃತ್ತ’. ಮರಾಠಿ ಭೂಗೋಳದಲ್ಲೂ ‘ವಿಭಾಜಿತ ವರ್ತುಳ’ ಅಂತಲೇ ಇದೆ. ಮುಂಬಯಿಯ ಕನ್ನಡ ಶಾಲೆಯಲ್ಲಿ ಎಷ್ಟೋ ವರ್ಷ ಮಕ್ಕಳಿಗೆ ಇದನ್ನೇ ಕಲಿಸಿದ್ದೇನೆ, ಒಬ್ಬರಿಗೂ ತೊಡಕಾಗಲಿಲ್ಲ. ಎರಡು ಭಾಷೆಯಲ್ಲಿ ಒಂದೇ ಪದವಿದ್ದರೆ ಗಡಿ ಊರಿನ ಮಕ್ಕಳಿಗೆ ಅನುಕೂಲ. ವಿವರಕ್ಕೆ ‘ಸೂಚಿ’ ಸಾಕು.

ಗೋಡೆಬರಹ ಹತ್ತು ವರ್ಷ ಇರುತ್ತದೆ. ಆಡುಮಾತು ಅಲ್ಲಿಗೆ ಬೇಡ.

—

ಹಿಂಜವಡಿ, ಪುಣೆ, ಸೋಮವಾರ ಸಂಜೆ

ಮೇಷ್ಟ್ರೇ, ಕ್ಷಮಿಸಿ. ‘ಪ್ರಮಾಣಾನುಗುಣ ವೃತ್ತ ನಕ್ಷೆ’ಯಲ್ಲಿ ಕನ್ನಡ ಎಲ್ಲಿದೆ? ಪ್ರಮಾಣ, ಅನುಗುಣ, ವೃತ್ತ ಮೂರೂ ಸಂಸ್ಕೃತ. ನಕ್ಷೆ ಅರಬ್ಬಿ. ನಾಲ್ಕರಲ್ಲಿ ಒಂದೂ ನಮ್ಮದಲ್ಲ.

ನನ್ನ ಸಲಹೆ ‘ತಕ್ಕಳತೆ ದುಂಡುತಿಟ್ಟ’. ತಿಟ್ಟ ಅಂದರೆ ಬರೆದ ಚಿತ್ರ. ಹೋಳಾದದ್ದು ‘ಹೋಳುತಿಟ್ಟ’. ಅಚ್ಚಗನ್ನಡ ಬಳಸಲು ಇಂಥ ಅವಕಾಶ ದಿನಾ ಸಿಗುವುದಿಲ್ಲ. ಗೋಡೆ ಮೇಲೆ ಬರೆದದ್ದನ್ನು ಇಡೀ ಊರು ಓದುತ್ತದೆ.

—

ದಾದರ್, ಸೋಮವಾರ ರಾತ್ರಿ

ಹಾಗಾದರೆ ‘ಬಾವಿ’ಯನ್ನೂ ಬಿಡಿ. ಅದು ಸಂಸ್ಕೃತದ ವಾಪಿ.

—

ಪುಣೆ, ಮಂಗಳವಾರ ಬೆಳಿಗ್ಗೆ

ಇಬ್ಬರಿಗೂ ಥ್ಯಾಂಕ್ಸ್. ಆದರೆ ಎರಡೂ ನನ್ನ ಗೋಡೆಗೆ ಒಗ್ಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

‘ತಿಟ್ಟ’ ಅಂತ ಬರೆದರೆ ಆ ಊರಿನಲ್ಲಿ ಎತ್ತರದ ಜಾಗ, ದಿಬ್ಬ ಅಂತಲೇ ಓದುತ್ತಾರೆ. ಬಾವಿ ತೋರಿಸುವ ನಕ್ಷೆಯಲ್ಲಿ ದಿಬ್ಬ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ‘ನಕ್ಷೆ’ ಅರಬ್ಬಿಯಿಂದಲೇ ಬಂದಿರಲಿ, ಹೊಲದ ನಕ್ಷೆ ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡವರು ಅವರು. ಮೇಷ್ಟ್ರ ‘ಪ್ರಮಾಣಾನುಗುಣ’ ಹತ್ತನೇ ಕ್ಲಾಸಿನವರೆಗೆ ಓದಿದವರಿಗೆ ಸರಿ. ಬಾವಿಯಿಂದ ಮನೆಗೆ ನೀರು ಹೊರುವ ಹೆಂಗಸರಿಗೆ?

‘ಬುಗ್ಗೆ’ ಕೂಡ ಯೋಚಿಸಿದೆ. ಬುಗ್ಗೆ ಅಂದರೆ ಬಲೂನು, ನಿಜ. ಆದರೆ ನೆಲದಿಂದ ತಾನೇ ಉಕ್ಕುವ ನೀರಿಗೂ ಅದೇ ಮಾತು. ನೀರಿನ ನಕ್ಷೆಯಲ್ಲಿ ಬುಗ್ಗೆ ಅಂತ ಬರೆದರೆ ಅಲ್ಲಿ ಚಿಲುಮೆ ಇದೆ ಅಂತಲೇ ಅರ್ಥ. ‘ಬೊಟ್ಟು’ ಅಂದರೆ ಆ ಕಡೆ ಬೆರಳು. ‘ಚುಕ್ಕೆ’ಗೆ ಗಾತ್ರ ಇಲ್ಲ.

‘ಗುಳ್ಳೆ’ ಬೇಡ ಅನ್ನಲು ಬೇರೆ ಕಾರಣ ಇದೆ. ಮೈಮೇಲೆ ಏಳುವುದೂ ಗುಳ್ಳೆಯೇ ಅನ್ನುವುದು ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು. ಹೋದ ವರ್ಷ ಮೊದಲ ನಕ್ಷೆಯನ್ನು ನಾನೇ ಮಾಡಿದೆ, ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರಿನಲ್ಲಿ. ಕರ್ವೆ ರಸ್ತೆಯ ಅಂಗಡಿಯೊಂದರಲ್ಲಿ ಫ್ಲೆಕ್ಸ್ ಹಾಕಿಸಿ ಊರಿಗೆ ತಗೊಂಡು ಹೋದೆ. ಒಬ್ಬರ ಬಾವಿ ತಾಸಿಗೆ 2000 ಲೀಟರು, ಪಕ್ಕದವರದು 8000. ಅಂದರೆ ನಾಲ್ಕು ಪಟ್ಟು. ನಾನು ದುಂಡಿನ ಅಡ್ಡಳತೆಯನ್ನೇ ನಾಲ್ಕು ಪಟ್ಟು ಮಾಡಿಬಿಟ್ಟಿದ್ದೆ. ಅಡ್ಡಳತೆ ನಾಲ್ಕು ಪಟ್ಟಾದರೆ ಹರವು, ಅಂದರೆ ದುಂಡಿನ ಒಳಗಿನ ಜಾಗ, ಹದಿನಾರು ಪಟ್ಟಾಗುತ್ತದೆ. ಸಭೆಯಲ್ಲಿ ಎಲ್ಲರೂ ಆ ದೊಡ್ಡ ಕೆಂಪು ದುಂಡನ್ನು ನೋಡಿದರು, ಆಮೇಲೆ ಆ ಮನುಷ್ಯನನ್ನು ನೋಡಿದರು. ‘ಊರ ನೀರೆಲ್ಲ ಇವನೇ ಎಳೀತಾನ’ ಅಂತ ಒಬ್ಬರು ಅಂದರು. ಆ ಬಾವಿಯವರು ಫ್ಲೆಕ್ಸಿನ ಹತ್ತಿರ ಬಂದು, ಎರಡೂ ದುಂಡಿನ ಮೇಲೆ ಅಂಗೈ ಇಟ್ಟು ನೋಡಿ, ಒಂದು ಮಾತೂ ಆಡದೆ ಎದ್ದು ಹೋದರು. ಆಮೇಲೆ ಎರಡು ತಿಂಗಳು ನಮಗೆ ಬಾವಿ ಅಳೆಯಲು ಬಿಡಲಿಲ್ಲ. ಅವರ ತಪ್ಪೇನಿಲ್ಲ.

ನೀರು ನಾಲ್ಕು ಪಟ್ಟಾದರೆ ಅಡ್ಡಳತೆ ಎರಡೇ ಪಟ್ಟು ಆಗಬೇಕು. ಒಂಬತ್ತು ಪಟ್ಟಾದರೆ ಮೂರೇ ಪಟ್ಟು. ಬೆಳೆಯಬೇಕಾದ್ದು ಹರವು. ಗುಳ್ಳೆ ಅಂದ ಕೂಡಲೇ ಕಣ್ಣಿಗೆ ಬರುವುದು ಚೆಂಡಿನಂತೆ ಉಬ್ಬಿದ್ದು, ಒಳಗೆ ಏನೋ ತುಂಬಿಕೊಂಡದ್ದು. ಗೋಡೆ ಮೇಲಿರುವುದು ಚಪ್ಪಟೆ. ಇಂಗ್ಲಿಷಿನವರ ಪದದಲ್ಲೇ ಈ ದೋಷ ಇದೆ. ಅದನ್ನು ನಾವು ಹಾಗೇ ಎತ್ತಿಕೊಳ್ಳುವುದು ಯಾಕೆ?

ನನಗೆ ಬೇಕಾದ ಪದ ಚಪ್ಪಟೆಯಾಗಿರಬೇಕು. ದುಂಡಗಿರಬೇಕು. ಕತ್ತರಿಸಲು ಬರಬೇಕು.

—

ಮಡಗಾಂವ್, ಮಂಗಳವಾರ ಮಧ್ಯಾಹ್ನ

ಚಪ್ಪಟೆ, ದುಂಡು, ಕತ್ತರಿಸಲು ಬರಬೇಕು ಅಂದರೆ ರೊಟ್ಟಿಯೇ ಅಲ್ವಾ? ನಾನು ಸುಮ್ನೆ ಹೇಳುತ್ತಿಲ್ಲ. ಪೈ ಅನ್ನುವುದು ಇಂಗ್ಲಿಷರ ತಿನಿಸು. ಫ್ರೆಂಚರು ಅದೇ ಚಿತ್ರಕ್ಕೆ ತಮ್ಮ ಚೀಸಿನ ಹೆಸರು ಹಿಡಿದು ಕಾಮಾಂಬೇರ್ ಅನ್ನುತ್ತಾರೆ. ಜರ್ಮನರಿಗೆ ಅದು ಕೇಕು. ಚೀನೀಯರು ಹೇಳುವುದು ಬಿಂಗ್, ಅಂದರೆ ಹೆಚ್ಚುಕಡಿಮೆ ನಮ್ಮ ರೊಟ್ಟಿಯಂಥದ್ದೇ. ಎಲ್ಲರೂ ತಮ್ಮ ತಟ್ಟೆಯಿಂದಲೇ ಹೆಸರು ಕೊಟ್ಟಿದ್ದಾರೆ. ನಾವು ಮಾತ್ರ ‘ಪೈ ನಕ್ಷೆ’ ಅಂತ ಕೂತಿದ್ದೇವೆ. ಗೋವಾದಲ್ಲಿ ‘ಪೈ ನಕ್ಷೆ’ ಅಂದರೆ ಪೈಗಳ ಮನೆಯ ನಕ್ಷೆಯಾ ಅಂತ ಕೇಳುತ್ತಾರೆ.

‘ಹೋಳು’ ಬಗ್ಗೆ ಒಂದು ಮಾತು. ಕೆಲವರು ಹೋಳಿಗೆ ಹುಟ್ಟಿದ್ದು ಹೋಳಿನಿಂದ ಅನ್ನುತ್ತಾರೆ. ಅಲ್ಲ. ಹೋಳು ಹಳಗನ್ನಡದ ‘ಪೋೞ್’, ಸೀಳು ಅನ್ನುವ ಅರ್ಥ. ತಮಿಳಿನಲ್ಲಿ ಇವತ್ತಿಗೂ ಆ ೞಕಾರ ಉಳಿದಿದೆ. ಹೋಳಿಗೆಯ ಹಿಂದಿರುವುದು ಪೋಳಿಗೆ, ಮರಾಠಿಯ ಪೋಳಿಯ ನೆಂಟ, ಅದರ ಳಕಾರವೇ ಬೇರೆ. ೞ ಕೈಬಿಟ್ಟ ಮೇಲೆ ಕನ್ನಡದಲ್ಲಿ ಎರಡು ಬೇರೆ ಮನೆತನಗಳು ಒಂದೇ ಮನೆಯವರ ಹಾಗೆ ಕಾಣುತ್ತಿವೆ.

ಇನ್ನೂ ಒಂದು. ದುಂಡಿನ ಗಾತ್ರ ಮತ್ತು ಹೋಳು ಎರಡನ್ನೂ ಒಂದೇ ನಕ್ಷೆಯಲ್ಲಿ ಕೂಡಿಸುವ ಪದ್ಧತಿ ಹಳೆಯದು. ಹೋಳು ಮಾಡಿದ ದುಂಡನ್ನು ವಿಲಿಯಂ ಪ್ಲೇಫೇರ್ 1801ರಲ್ಲೇ ಅಚ್ಚು ಹಾಕಿಸಿದ. ಅದನ್ನು ನಕ್ಷೆ ಮೇಲೆ ಕೂರಿಸಿದ್ದು 1858ರಲ್ಲಿ, ಮಿನಾರ್ ಅನ್ನುವ ಫ್ರೆಂಚ್ ಎಂಜಿನಿಯರು. ಯಾವ ಪ್ರಾಂತ್ಯದಿಂದ ಪ್ಯಾರಿಸ್ಸಿಗೆ ಎಷ್ಟು ಮಾಂಸ ಹೋಗುತ್ತದೆ ಅನ್ನುವುದು ದುಂಡಿನ ಗಾತ್ರ, ದನ, ಕರು, ಕುರಿ ಎಷ್ಟೆಷ್ಟು ಅನ್ನುವುದು ಹೋಳು. ಅಲ್ಲಿ ಮಾಂಸ, ನಿಮ್ಮಲ್ಲಿ ನೀರು. ಲೆಕ್ಕ ಒಂದೇ.

—

ಪುಣೆ, ಮಂಗಳವಾರ ರಾತ್ರಿ

ರಾಯರೇ, ರೊಟ್ಟಿ ನನಗೂ ಇಷ್ಟವಾಯಿತು. ಆದರೆ ಜೋಳದ ರೊಟ್ಟಿಯನ್ನು ಯಾರೂ ಕತ್ತರಿಸುವುದಿಲ್ಲ. ಮುರಿಯುತ್ತಾರೆ, ಅಂಚಿನಿಂದ. ನಡುವಿನಿಂದ ಹೋಳು ಮಾಡುವ ರೂಢಿ ಅಲ್ಲಿಲ್ಲ.

ಇವತ್ತು ಇನ್ನೊಂದು ಆಯಿತು. ಸರಿಮಾಡಿದ ನಕ್ಷೆಯ ಫೋಟೋವನ್ನು ಊರಿನ ಅಂಗನವಾಡಿಯ ಅಕ್ಕನಿಗೆ ಕಳಿಸಿದ್ದೆ. ಯಾವ ಹೆಸರನ್ನೂ ಹೇಳಿರಲಿಲ್ಲ. ಅವರು ಫೋನ್ ಮಾಡಿ ಮೊದಲು ಕೇಳಿದ್ದೇ ಇದು: ‘ಅಕ್ಕಾರ, ಈ ದೊಡ್ಡ ಬಿಲ್ಲಿ ಯಾರ ಬಾವೀದ್ರಿ?’

ಬಿಲ್ಲೆ! ಕುಂಟೆಬಿಲ್ಲೆ ಆಡುವಾಗ ಎಸೆಯುವ ಬಿಲ್ಲೆ. ಚಪ್ಪಟೆ, ದುಂಡು. ದೊಡ್ಡದೂ ಇರುತ್ತದೆ, ಚಿಕ್ಕದೂ ಇರುತ್ತದೆ. ಎರಡು ದಿನದಿಂದ ನಾವೆಲ್ಲ ತಡಕಾಡಿದ್ದು ಅವರ ಬಾಯಲ್ಲಿ ಸಲೀಸಾಗಿ ಬಂತು. ಹೋಳಿಗೆ ಏನನ್ನುತ್ತೀರಿ ಅಂತಲೂ ಕೇಳಿದೆ. ‘ಪಾಲು’ ಅಂದರು. ಬಾವಿ ನೀರಿನಲ್ಲಿ ಅಣ್ಣತಮ್ಮಂದಿರಿಗೆ ಪಾಲು ಇರುತ್ತದಲ್ಲ, ಅದೇ.

—

ದಾದರ್, ಬುಧವಾರ ಬೆಳಿಗ್ಗೆ

ಬಿಲ್ಲೆ ಮರಾಠಿಯ ಬಿಲ್ಲಾ. ಜವಾನರ ಪಟ್ಟಿಯ ಮೇಲಿರುವ ಹಿತ್ತಾಳೆ ಬಿಲ್ಲಾ. ನನ್ನ ಸಂಸ್ಕೃತ ಬೇಡ, ಮರಾಠಿ ಆಗಬಹುದು ಅಂತಾಯಿತು.

—

ಮಡಗಾಂವ್, ಬುಧವಾರ ಬೆಳಿಗ್ಗೆ

ತಪ್ಪು. ತಮಿಳಿನಲ್ಲಿ ವಿಲ್ಲೈ, ದುಂಡನೆಯ ಚಪ್ಪಟೆ ತುಂಡು. ತೆಲುಗಿನಲ್ಲಿ ಬಿಳ್ಳ, ಗುಳಿಗೆಗೂ ಅದೇ ಹೆಸರು. ಕನ್ನಡದಲ್ಲಿ ಬಿಲ್ಲೆ. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಈ ಪದ ತೆಂಕಣದ್ದು. ಮರಾಠಿಯಲ್ಲಿ ಇದೆ ಅಂದ ಮಾತ್ರಕ್ಕೆ ನಾವು ಅಲ್ಲಿಂದ ತಂದಿದ್ದು ಅಂತ ಹೇಗಾಗುತ್ತದೆ? ಕೊಟ್ಟದ್ದೂ ಇರಬಾರದೇ? ಮಹಾರಾಷ್ಟ್ರದಲ್ಲಿ ಬದುಕುವ ನಮ್ಮವರಿಗೆ ಇದೊಂದು ಚಾಳಿ, ಎರಡೂ ಕಡೆ ಇರುವ ಪದ ಕಂಡರೆ ಸಾಲ ನಮ್ಮದೇ ಅಂತ ಒಪ್ಪಿಕೊಂಡುಬಿಡುತ್ತೇವೆ.

—

ಹಿಂಜವಡಿ, ಬುಧವಾರ ಮಧ್ಯಾಹ್ನ

ಬಿಲ್ಲೆಗೆ ನನ್ನ ಪೂರ್ತಿ ಒಪ್ಪಿಗೆ. ‘ತಿಟ್ಟ’ ಹಿಂದಕ್ಕೆ ತಗೊಂಡೆ, ಅಲ್ಲಿನ ಅರ್ಥ ನನಗೆ ಗೊತ್ತಿರಲಿಲ್ಲ. ಆದರೆ ಮೇಷ್ಟ್ರಿಗೆ ಒಂದು ಮಾತು. ಬೇಡ ಅಂದದ್ದು ಸಂಸ್ಕೃತವನ್ನಲ್ಲ. ಓದುವವರ ಬಾಯಲ್ಲಿ ಪದ ಇರುವಾಗ ಅದನ್ನು ಬದಿಗಿಟ್ಟು ಮೇಲಿನಿಂದ ಇನ್ನೊಂದು ಇಳಿಸುವುದನ್ನು. ನಾನೂ ಅದನ್ನೇ ಮಾಡಿದ್ದೆ, ಅಚ್ಚಗನ್ನಡದ ಹೆಸರಿನಲ್ಲಿ.

ಕೆಲಸದ ವಿಷಯ: ಕ್ಯೂಜಿಐಎಸ್‌ನ ಗಾತ್ರದ ಆಯ್ಕೆಯಲ್ಲಿ ಫ್ಲಾನರಿ ಅಂತ ಒಂದಿದೆ, ನೋಡಿದಿರಾ? ದೊಡ್ಡ ದುಂಡನ್ನು ನಮ್ಮ ಕಣ್ಣು ಇದ್ದುದಕ್ಕಿಂತ ಚಿಕ್ಕದಾಗಿ ಅಂದಾಜು ಮಾಡುತ್ತದೆ, ಅದಕ್ಕೆ ಸ್ವಲ್ಪ ಹಿಗ್ಗಿಸಿ ಕೊಡುತ್ತದೆ. ನಿಮ್ಮ ನಾಲ್ಕು ಪಟ್ಟಿನ ಬಾವಿಗೆ ಅಡ್ಡಳತೆ 20 ಸೆಂ.ಮೀ. ಬದಲು 22 ಸೆಂ.ಮೀ. ಆಗುತ್ತದೆ.

—

ಜತ್, ಬುಧವಾರ ರಾತ್ರಿ

ಸಂಜೆಗೆ ಇಲ್ಲಿ ಬಂದಿಳಿದೆ. ಗೋಡೆಗೆ ಸುಣ್ಣ ಆಗಿದೆ.

ಫ್ಲಾನರಿ ಬೇಡ ಅಂದುಕೊಂಡೆ. ಕಾಗದದ ಮೇಲೆ ಸರಿ. ಇಲ್ಲಿ ಜನ ಗೋಡೆ ಹತ್ತಿರ ಬಂದು ಗೇಣು ಹಾಕಿ ಅಳೆಯುತ್ತಾರೆ. ಅಳೆದರೆ ಲೆಕ್ಕ ಕೂಡಬೇಕು. 2000 ಲೀಟರಿಗೆ 10 ಸೆಂ.ಮೀ., 8000ಕ್ಕೆ 20, 18000ಕ್ಕೆ 30. ಪೇಂಟರ್ ಮೊಳೆಗೆ ದಾರ ಕಟ್ಟಿ ಸೀಮೆಸುಣ್ಣದಲ್ಲಿ ಬಿಲ್ಲೆ ಎಳೆಯುತ್ತಾರೆ, ಹಾಗಾಗಿ ದಾರದ ಉದ್ದ 5, 10, 15 ಅಂತ ಬರೆದುಕೊಟ್ಟೆ. ಪಾಲಿಗೆ ಕೋನಮಾಪಕ ಬೇಡ ಅಂದರು. ಬಿಲ್ಲೆಯ ಸುತ್ತ ಇನ್ನೊಂದು ದಾರ ಸುತ್ತಿ, ಆ ದಾರವನ್ನೇ ಮಡಚಿ ಅರ್ಧ, ಕಾಲು, ಅರೆಕಾಲು ಗುರುತು ಹಾಕಿ ತೋರಿಸಿದರು. ಚೂರು ಆಚೀಚೆ ಆಗಬಹುದು, ಆದರೆ ಅದು ಯಾರ ಕಣ್ಣಿಗೂ ಅರ್ಥವಾಗುವ ಲೆಕ್ಕ.

ಗೋಡೆಗೆ ಹೋಗುವ ಮಾತು ಹೀಗಿದೆ:

ನಮ್ಮೂರ ಬಾವಿಗಳ ಪಾಲುಬಿಲ್ಲೆ ನಕ್ಷೆ
ಬಿಲ್ಲೆ ನೀರಿಗೆ ತಕ್ಕಷ್ಟು ಹರವು. ನೀರು ನಾಲ್ಕು ಪಟ್ಟಾದರೆ ಬಿಲ್ಲೆಯ ಹರವೂ ನಾಲ್ಕು ಪಟ್ಟು.
ಬಣ್ಣದ ಪಾಲು: ನೀರು ಯಾವುದಕ್ಕೆ ಹೋಗುತ್ತದೆ.

ಮೇಷ್ಟ್ರೇ, ಗುರುತುಗಳ ವಿವರಕ್ಕೆ ನಿಮ್ಮ ‘ಸೂಚಿ’ಯನ್ನೇ ಇಟ್ಟಿದ್ದೇನೆ. ಮರಾಠಿ ಅರ್ಧದಲ್ಲೂ ಅದೇ ಇದೆ, ಲಿಪಿ ಬೇರೆಯಾದರೂ ಪದ ಒಂದೇ.

ಹೋದ ವರ್ಷ ಎದ್ದು ಹೋದವರ ಮನೆಗೆ ಈಗಷ್ಟೇ ಹೋಗಿ ಬಂದೆ. ಅವರ ಬಿಲ್ಲೆ ಎಷ್ಟು ದೊಡ್ಡದು ಅಂತ ದಾರ ಹಿಡಿದು ತೋರಿಸಿದೆ. ದಾರ ಇಸಕೊಂಡು ನೆಲದ ಮೇಲೆ ತಾವೇ ಒಂದು ಸಲ ಎಳೆದು ನೋಡಿದರು. ನಾಳೆ ಗೋಡೆ ಹತ್ತಿರ ಬರುತ್ತೇನೆ ಅಂದಿದ್ದಾರೆ.

ಒಂದು ಉಳಿಯಿತು. ಇಲ್ಲಿ ಕೆಲವರು ‘ಭಾವಿ’ ಅಂತ ಬರೆಯುತ್ತಾರೆ. ಪಂಚಾಯ್ತಿಯ ಹಳೇ ಬೋರ್ಡಿನಲ್ಲೂ ಹಾಗೇ ಇದೆ. ಯಾವುದು ಬರೆಸಲಿ? ಬೆಳಿಗ್ಗೆ ಏಳಕ್ಕೆ ಕೆಲಸ ಶುರು.

—

ದಾದರ್, ಗುರುವಾರ ಬೆಳಿಗ್ಗೆ 5.40

ಬಾವಿ. ಅಲ್ಪಪ್ರಾಣ. ಪೇಂಟರ್ ‘ಬ’ದ ಹೊಟ್ಟೆ ಸೀಳದ ಹಾಗೆ ನೋಡಿಕೊಳ್ಳಿ ತಾಯಿ.