ಕ್ರೂಸ್ ಹಡಗಿನಲ್ಲಿ ಕಡಿಮೆ ಖರ್ಚಿನಲ್ಲಿ ಇಂಟರ್ನೆಟ್: ಪ್ರಶ್ನೋತ್ತರ

ಪ್ರಶ್ನೆ: ಸರ್, ನಮಸ್ಕಾರ. ಮುಂದಿನ ತಿಂಗಳು ನಾನು, ನನ್ನ ಪತ್ನಿ ಹಾಗೂ ನನ್ನ ತಂದೆ-ತಾಯಿ ಮೊದಲ ಬಾರಿಗೆ ಏಳು ದಿನಗಳ ಕ್ರೂಸ್ ಪ್ರಯಾಣಕ್ಕೆ ಹೊರಡಲಿದ್ದೇವೆ. ನಾಲ್ಕು ದಿನ ಹಡಗು ಬೇರೆ ಬೇರೆ ದೇಶಗಳ ಬಂದರುಗಳಲ್ಲಿ ನಿಲ್ಲುತ್ತದೆ, ಉಳಿದ ಮೂರು ದಿನ ಪೂರ್ತಿ ಸಮುದ್ರದಲ್ಲಿರುತ್ತದೆ. ಮನೆಯಲ್ಲಿರುವ ಮಗಳ ಜೊತೆ ದಿನಕ್ಕೊಮ್ಮೆ ಮಾತನಾಡಬೇಕು, ಬ್ಯಾಂಕಿನ ಒಟಿಪಿ ಬರಬೇಕು ಮತ್ತು ಒಂದು ದಿನ ಅರ್ಧ ಗಂಟೆ ಕಚೇರಿಯ ವಿಡಿಯೊ ಸಭೆಯಲ್ಲಿ ಭಾಗವಹಿಸಬೇಕು. ನಾಲ್ಕು ಫೋನ್‌ಗಳಿಗೂ ಹಡಗಿನ ವೈಫೈ ಕೊಳ್ಳುವುದು ನಮಗೆ ಭಾರವಾಗುತ್ತದೆ. ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡರೆ ಸಾಲದೇ?

ಉತ್ತರ: ಸಾಲದು. ಈ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಹಡಗಿನ ಸಂವಹನ ವಿಭಾಗದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಕಂಡ ದೊಡ್ಡ ಬಿಲ್‌ಗಳು ವೈಫೈನಿಂದ ಬಂದವಲ್ಲ, ರೋಮಿಂಗ್‌ನಿಂದ ಬಂದವು. ಹಲವು ಹಡಗುಗಳಲ್ಲಿ ಪ್ರಯಾಣಿಕರಿಗಾಗಿ ಹಡಗಿನೊಳಗೇ ಒಂದು ಮೊಬೈಲ್ ಜಾಲವಿರುತ್ತದೆ. ಬಂದರಿನಲ್ಲಿರುವಾಗ ಅದನ್ನು ಆಫ್ ಮಾಡಿರುತ್ತಾರೆ, ದಡ ದೂರವಾದ ಮೇಲೆ ಚಾಲೂ ಮಾಡುತ್ತಾರೆ. ಆಗ ನಿಮ್ಮ ಫೋನಿನ ಮೇಲ್ತುದಿಯಲ್ಲಿದ್ದ ಬಂದರಿನ ಕಂಪನಿಯ ಹೆಸರು ಮಾಯವಾಗಿ, ‘ಸೆಲ್ಯುಲರ್ ಅಟ್ ಸೀ’ ಎಂಬಂಥ ಹೆಸರೋ 901ರಿಂದ ಆರಂಭವಾಗುವ ಸಂಖ್ಯೆಯೋ ಕಾಣಿಸಿಕೊಳ್ಳುತ್ತದೆ. ಅದು ಉಪಗ್ರಹದ ಮೂಲಕ ಸಾಗುವ ಜಾಲವಾದ್ದರಿಂದ ಸಾಮಾನ್ಯ ರೋಮಿಂಗ್ ಪ್ಯಾಕ್‌ಗಳು ಅದನ್ನು ಒಳಗೊಂಡಿರುವುದಿಲ್ಲ. ಯುರೋಪಿಯನ್ ಒಕ್ಕೂಟ 2017ರ ಜೂನ್‌ನಲ್ಲಿ ಸದಸ್ಯ ದೇಶಗಳ ನಡುವಿನ ರೋಮಿಂಗ್ ಶುಲ್ಕವನ್ನು ತೆಗೆದುಹಾಕಿತಲ್ಲ, ಆ ನಿಯಮ ಕೂಡ ಹಡಗಿನ ಉಪಗ್ರಹ ಜಾಲಕ್ಕೆ ಅನ್ವಯಿಸುವುದಿಲ್ಲ.

ಒಮ್ಮೆ ಹಡಗು ಬಂದರು ಬಿಟ್ಟ ಮರುದಿನ ಬೆಳಿಗ್ಗೆ ಹಿರಿಯರೊಬ್ಬರು ನಮ್ಮ ಕೌಂಟರಿಗೆ ಬಂದು ಫೋನನ್ನು ಮುಂದಿಟ್ಟರು. ರಾತ್ರಿ ಅವರು ಅದನ್ನು ಮುಟ್ಟಿಯೇ ಇರಲಿಲ್ಲ, ಅದು ಕೋಟಿನ ಜೇಬಿನಲ್ಲಿತ್ತು. ಆದರೆ ಹಿಂದಿನ ದಿನ ದಡದಲ್ಲಿ ತೆಗೆದ ಫೋಟೊಗಳು ರಾತ್ರಿಯಿಡೀ ತಮ್ಮಷ್ಟಕ್ಕೆ ತಾವೇ ಬ್ಯಾಕಪ್ ಆಗುತ್ತಿದ್ದವು, ಪರದೆಯ ಮೇಲೆ ಮೊಬೈಲ್ ಕಂಪನಿಯ ಎಚ್ಚರಿಕೆಯ ಸಂದೇಶಗಳು ಒಂದರ ಕೆಳಗೊಂದು ಸಾಲುಗಟ್ಟಿದ್ದವು. ಆದ್ದರಿಂದ ಹಡಗು ಹೊರಡುವ ಮೊದಲೇ ನಾಲ್ಕೂ ಫೋನ್‌ಗಳನ್ನು ಫ್ಲೈಟ್ ಮೋಡ್‌ಗೆ ಹಾಕಿ, ಆಮೇಲೆ ವೈಫೈಯನ್ನು ಮಾತ್ರ ಆನ್ ಮಾಡಿ. ತಂದೆ-ತಾಯಿಯವರ ಫೋನ್‌ಗಳನ್ನು ನೀವೇ ಕೈಗೆ ತೆಗೆದುಕೊಂಡು ನೋಡಿ, ಹೇಳಿ ಬಿಟ್ಟರೆ ಸಾಲದು.

ಇನ್ನು ವೈಫೈ ವಿಷಯ. ನಿಮ್ಮ ಅಗತ್ಯಗಳನ್ನು ನೋಡಿದರೆ ನಾಲ್ಕು ಪ್ಯಾಕೇಜ್‌ಗಳ ಅವಶ್ಯಕತೆ ಕಾಣುವುದಿಲ್ಲ. ಬಹುತೇಕ ಕಂಪನಿಗಳಲ್ಲಿ ಒಂದು ಸಾಧನದ ಪ್ಯಾಕೇಜ್ ಎಂದರೆ ಒಂದು ಹೊತ್ತಿಗೆ ಒಂದು ಸಾಧನ ಎಂದರ್ಥ. ಒಂದು ಫೋನಿನಲ್ಲಿ ಲಾಗ್ ಔಟ್ ಆಗಿ ಇನ್ನೊಂದರಲ್ಲಿ ಲಾಗಿನ್ ಆಗಬಹುದು, ಹಾಗಾಗಿ ಒಂದೇ ಕುಟುಂಬದವರು ಸರದಿಯಂತೆ ಬಳಸಬಹುದು. ಹಡಗು ಹತ್ತುವ ಮುನ್ನ ಕಂಪನಿಯ ಜಾಲತಾಣದಲ್ಲಿ ಕೊಂಡರೆ ಹಡಗಿನಲ್ಲಿ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ. ಹಡಗಿನೊಳಗೆ ನೀವು ನಾಲ್ವರು ಪರಸ್ಪರ ಸಂದೇಶ ಕಳುಹಿಸಿಕೊಳ್ಳಲು ಇಂಟರ್ನೆಟ್ ಪ್ಯಾಕೇಜ್ ಬೇಡ, ಕಂಪನಿಯ ಆ್ಯಪ್ ಹಡಗಿನ ವೈಫೈ ಮೇಲೆಯೇ ಕೆಲಸ ಮಾಡುತ್ತದೆ. ಕೆಲವು ಕಂಪನಿಗಳು ಆ್ಯಪ್‌ನ ಚಾಟ್ ಸೌಲಭ್ಯಕ್ಕೆ ಮಾತ್ರ ಸಣ್ಣ ಶುಲ್ಕ ಪಡೆಯುತ್ತವೆ. ಆ ಆ್ಯಪನ್ನು ಮನೆಯಲ್ಲೇ ಹಾಕಿಕೊಂಡು ಬನ್ನಿ.

ವಿಡಿಯೊ ಸಭೆಯ ಬಗ್ಗೆ ಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ. ಅಗ್ಗದ ಪ್ಯಾಕೇಜ್‌ನಲ್ಲಿ ವಿಡಿಯೊ ಕರೆಗೆ ಅವಕಾಶವಿದೆಯೇ? ಹಡಗಿನಲ್ಲಿರುವುದು ಯಾವ ಬಗೆಯ ಉಪಗ್ರಹ ಸಂಪರ್ಕ? ಹಳೆಯ ವ್ಯವಸ್ಥೆಯ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ನಿಮ್ಮ ಮಾತು ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡಿಗೂ ಹೆಚ್ಚು ಕಾಲ ಕಳೆದಿರುತ್ತದೆ, ಇಬ್ಬರೂ ಒಟ್ಟಿಗೆ ಮಾತನಾಡಿ ಇಬ್ಬರೂ ನಿಲ್ಲಿಸುವಂತಾಗುತ್ತದೆ. ಸ್ಟಾರ್‌ಲಿಂಕ್ ಎಂಬ ಹೊಸ ಇಂಟರ್ನೆಟ್ ಸೇವೆಯ ಉಪಗ್ರಹಗಳು ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಸುತ್ತುವುದರಿಂದ ಆ ತೊಂದರೆ ಬಹುಮಟ್ಟಿಗೆ ಇಲ್ಲ. ರಾಯಲ್ ಕೆರಿಬಿಯನ್ ಎಂಬ ಕ್ರೂಸ್ ಕಂಪನಿಗಳ ಸಮೂಹ 2022ರಲ್ಲಿ ಅದನ್ನು ತನ್ನ ಹಡಗುಗಳಲ್ಲಿ ಅಳವಡಿಸುವುದಾಗಿ ಪ್ರಕಟಿಸಿತು, ಆಮೇಲೆ ಇತರ ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿದವು. ಸಾಧ್ಯವಾದರೆ ಸಭೆಯನ್ನು ಬಂದರಿನ ದಿನಕ್ಕೆ ಇಟ್ಟುಕೊಳ್ಳಿ. ಆಗದಿದ್ದರೆ ಆ ಒಂದು ದಿನಕ್ಕೆ 24 ಗಂಟೆಯ ಪಾಸ್ ಸಿಗುತ್ತದೆಯೇ ನೋಡಿ. ಸಮುದ್ರದಲ್ಲಿರುವ ದಿನ ಸಂಜೆ ಸಾವಿರಾರು ಜನ ಅದೇ ಸಂಪರ್ಕವನ್ನು ಹಂಚಿಕೊಳ್ಳುತ್ತಾರೆ, ಬೆಳಗಿನ ಜಾವ ಅದೇ ವೈಫೈ ಚುರುಕಾಗಿರುತ್ತದೆ.

ಪ್ರಶ್ನೆ: ಬಹಳ ಉಪಕಾರವಾಯಿತು, ಸರ್. ಫ್ಲೈಟ್ ಮೋಡ್‌ನಲ್ಲಿಟ್ಟರೆ ಬ್ಯಾಂಕಿನ ಒಟಿಪಿ ಹೇಗೆ ಬರುತ್ತದೆ?

ಉತ್ತರ: ನಿಮ್ಮ ಮೊಬೈಲ್ ಕಂಪನಿ ವೈಫೈ ಕಾಲಿಂಗ್ (ಟವರಿನ ಬದಲು ವೈಫೈ ಮೂಲಕ ಕರೆ, ಸಂದೇಶ ತಲುಪಿಸುವ ಸೌಲಭ್ಯ) ಕೊಡುತ್ತಿದ್ದು, ವಿದೇಶದಲ್ಲೂ ಅದಕ್ಕೆ ಅನುಮತಿಯಿದ್ದು, ಹಡಗಿನ ಜಾಲವೂ ಅದನ್ನು ತಡೆಯದಿದ್ದರೆ ಒಟಿಪಿ ಸಂದೇಶ ವೈಫೈ ಮೂಲಕವೇ ಬರುತ್ತದೆ. ಇಷ್ಟೆಲ್ಲ ಕೂಡಿಬರಬೇಕಾದ್ದರಿಂದ ನಾನು ಅದೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ನಿಮ್ಮ ಬ್ಯಾಂಕ್ ಮತ್ತು ಇಮೇಲ್ ಒಪ್ಪುವುದಾದರೆ, ಒಟಿಪಿಯಂಥ ಸಂಖ್ಯೆಯನ್ನು ಫೋನಿನಲ್ಲೇ ತೋರಿಸುವ ಅಥೆಂಟಿಕೇಟರ್ ಆ್ಯಪನ್ನು ಹೊರಡುವ ಮೊದಲೇ ಜೋಡಿಸಿಕೊಳ್ಳಿ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವ ಅದರ ಆರಂಕಿಯ ಸಂಖ್ಯೆಯನ್ನು ಫೋನೇ ಲೆಕ್ಕ ಹಾಕುತ್ತದೆ, ಇಂಟರ್ನೆಟ್ ಬೇಕಿಲ್ಲ. ಆದರೆ ಅದಕ್ಕೆ ಫೋನಿನ ಗಡಿಯಾರ ಸರಿಯಾಗಿರಬೇಕು. ಹಡಗಿನ ಸಮಯ ಒಂದು ಗಂಟೆ ಬದಲಾದಾಗ ಅನೇಕರು ಗಡಿಯಾರದ ಮುಳ್ಳು ತಿರುಗಿಸಿದಂತೆ ಫೋನಿನ ಗಂಟೆಯನ್ನೇ ಬದಲಾಯಿಸುತ್ತಾರೆ, ಆ ಕ್ಷಣದಿಂದ ಸಂಖ್ಯೆಗಳು ತಪ್ಪಾಗತೊಡಗುತ್ತವೆ. ಗಂಟೆಯನ್ನು ಮುಟ್ಟದೆ ಟೈಮ್ ಜೋನ್ ಮಾತ್ರ ಬದಲಾಯಿಸಿ.

ಇನ್ನೊಬ್ಬರ ಪ್ರಶ್ನೆ: ಇ-ಸಿಮ್ (ಚಿಪ್ ಹಾಕದೆ ಫೋನಿಗೆ ಡೌನ್‌ಲೋಡ್ ಮಾಡಿಕೊಳ್ಳುವ ಸಿಮ್) ಕೊಂಡರೆ ವೈಫೈ ಬೇಡವೇ ಬೇಡ ಎನ್ನುತ್ತಾರೆ. ನಿಜವೇ?

ಉತ್ತರ: ದಡದಲ್ಲಿ ನಿಜ, ನಡುಗಡಲಿನಲ್ಲಿ ಅಲ್ಲ. ಇ-ಸಿಮ್ ಕೂಡ ನೆಲದ ಟವರುಗಳನ್ನೇ ಅವಲಂಬಿಸಿದೆ. ದಡದಿಂದ ಸ್ವಲ್ಪ ದೂರದವರೆಗೆ ಡೆಕ್ಕಿನ ಮೇಲೆ ಸಿಗ್ನಲ್ ಸಿಕ್ಕೀತು, ಉಕ್ಕಿನ ಗೋಡೆಗಳ ಒಳಕೋಣೆಯಲ್ಲಿ ಅದೂ ಸಿಗದು. ನಾಲ್ಕು ಬಂದರಿನ ದಿನಗಳಿರುವ ಮೇಲಿನ ಪ್ರಯಾಣದಂಥದಕ್ಕೆ ಪ್ರಾದೇಶಿಕ ಇ-ಸಿಮ್, ಅಂದರೆ ಆ ಭಾಗದ ಹಲವು ದೇಶಗಳಲ್ಲಿ ನಡೆಯುವ ಒಂದೇ ಇ-ಸಿಮ್, ಒಳ್ಳೆಯ ಆಯ್ಕೆ. ಮಗಳೊಂದಿಗೆ ವಿಡಿಯೊದಲ್ಲಿ ಮಾತನಾಡುವುದು, ಫೋಟೊ ಕಳುಹಿಸುವುದು ಎಲ್ಲವನ್ನೂ ಆ ನಾಲ್ಕು ದಿನಗಳಿಗೆ ಇಟ್ಟುಕೊಂಡರೆ ಸಮುದ್ರದ ಮೂರು ದಿನಗಳಿಗೆ ಸಂದೇಶದ ಅಗ್ಗದ ಪ್ಯಾಕೇಜ್ ಸಾಕಾಗುತ್ತದೆ. ನೀವು ಇಳಿಯುವ ಪ್ರತಿ ದೇಶವೂ ಇ-ಸಿಮ್‌ನ ಪಟ್ಟಿಯಲ್ಲಿದೆಯೇ ಎಂದು ಒಂದೊಂದಾಗಿ ನೋಡಿ, ಮನೆಯ ವೈಫೈನಲ್ಲೇ ಫೋನಿಗೆ ಹಾಕಿಕೊಳ್ಳಿ. ದಡದಲ್ಲಿ ಫ್ಲೈಟ್ ಮೋಡ್ ತೆಗೆದಾಗ ಹಳೆಯ ಸಿಮ್‌ನ ಡೇಟಾ ರೋಮಿಂಗ್ ಆಫ್ ಆಗಿಯೇ ಇರಲಿ, ಹಡಗಿಗೆ ಮರಳಿದಾಗ ಫ್ಲೈಟ್ ಮೋಡ್ ಮತ್ತೆ ಆನ್ ಆಗಲಿ.

ಪ್ರಶ್ನೆ: ಕೊನೆಯದಾಗಿ, ಸರ್, ಒಂದೇ ಪ್ಯಾಕೇಜನ್ನು ನಮ್ಮ ಸ್ವಂತ ರೂಟರ್ ಮೂಲಕ ಎಲ್ಲರಿಗೂ ಹಂಚಬಹುದೇ?

ಉತ್ತರ: ಬೇಡ. ಹಲವು ಕಂಪನಿಗಳು ರೂಟರ್‌ಗಳನ್ನು ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿಸಿವೆ, ಹತ್ತುವಾಗ ಬ್ಯಾಗಿನಲ್ಲಿ ಕಂಡರೆ ತೆಗೆದಿಟ್ಟುಕೊಳ್ಳುತ್ತಾರೆ. ನಿಮಗೆ ಸರದಿಯ ವ್ಯವಸ್ಥೆಯೇ ಸಾಕು. ಫೋನನ್ನು ಕೆಳಗಿಡುವ ಮೊದಲು ಲಾಗ್ ಔಟ್ ಒತ್ತಿದಿರಾ ಎಂಬುದನ್ನು ಮಾತ್ರ ಪ್ರತಿ ಬಾರಿ ನೋಡಿಕೊಳ್ಳಿ, ಬರೀ ವೈಫೈ ಆಫ್ ಮಾಡಿದರೆ ಹಡಗಿನ ಲೆಕ್ಕದಲ್ಲಿ ಆ ಫೋನು ಇನ್ನೂ ಒಳಗೇ ಇರಬಹುದು, ಮುಂದಿನವರಿಗೆ ಪ್ರವೇಶ ಸಿಗದೆ ಹೋಗಬಹುದು.