ಅಪ್‌ಡೇಟ್: ಕೊನೆಗೂ ಚಿಕ್ಕ ಮಕ್ಕಳ ಶಿಕ್ಷಣದ ಕೋರ್ಸೇ ಸೇರ್ಕೊಂಡೆ

ಪಿಯುಸಿ ಆದ್ಮೇಲೆ ಡಿಎಲ್‌ಎಡ್ (ಪ್ರಾಥಮಿಕ ಶಾಲೆ ಟೀಚರ್ ಆಗೋಕೆ ಮಾಡೋ ಡಿಪ್ಲೊಮಾ) ಮಾಡ್ಲಾ ಇಲ್ಲಾ ಯೂನಿವರ್ಸಿಟಿಲಿ ಅರ್ಲಿ ಚೈಲ್ಡ್‌ಹುಡ್ ಎಜುಕೇಶನ್ ಓದ್ಲಾ ಅಂತ ಕೇಳಿದ್ನಲ್ಲ, ಎರಡನೇದಕ್ಕೇ ಸೇರಿದೆ. ಅಆಇಈ ಹೇಳ್ಕೊಡೋಕೆ ಡಿಗ್ರಿ ಯಾಕೆ ಅಂತ ಮನೇಲಿ ಈಗ್ಲೂ ಕೇಳ್ತಾರೆ, ಆದ್ರೆ ಈಗ ನನ್ ಹತ್ರ ಉತ್ತರ ಇದೆ.

ಪ್ರಾಕ್ಟಿಕಲ್‌ಗೆ ತೀರ್ಥಹಳ್ಳಿ ಕಡೆ ಒಂದು ಅಂಗನವಾಡಿಗೆ ಹಾಕಿದ್ರು. ಒಂದಿನ ಜೋರು ಮಳೆ, ಮಕ್ಕಳು ಬಂದಿದ್ದೇ ಕಮ್ಮಿ, ಮಕ್ಕಳು ಹೇಗೆ ಯೋಚಿಸ್ತಾರೆ ಅಂತ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಬಗ್ಗೆ ಓದಿದ್ದನ್ನ ನೋಡೇಬಿಡೋಣ ಅಂತ ಐದೈದು ಅಡಿಕೆ ಎರಡು ಸಾಲು ಇಟ್ಟೆ, ನಾಲ್ಕು ವರ್ಷದ ಹುಡುಗಿ ಎರಡೂ ಒಂದೇ ಅಂದ್ಲು, ಆಮೇಲೆ ಅವಳ ಕಣ್ಣೆದುರಿಗೇ ಒಂದು ಸಾಲನ್ನ ಸ್ವಲ್ಪ ದೂರ ದೂರ ಸರಿಸಿದೆ ಅಷ್ಟೇ, "ಇದ್ರಲ್ಲಿ ಜಾಸ್ತಿ ಇದೆ ಟೀಚರ್" ಅಂದ್ಬಿಟ್ಲು! ಇಪ್ಪತ್ತರ ತನಕ ಪಟಪಟ ಎಣಿಸೋ ಮಗು ಅದು. ಬಾಯಲ್ಲಿ ಎಣಿಸೋದೇ ಬೇರೆ, ಸಂಖ್ಯೆ ತಲೆಗೆ ಹೋಗೋದೇ ಬೇರೆ ಮಾರಾಯ್ರೆ. ಇಂಥ ಮಗೂಗೆ ಯುಕೆಜಿಲೇ ಕೂಡೋದು ಕಳೆಯೋದು ಬರೆಸಿ ಬರೆಸಿ ಅಳೋ ಹಾಗೆ ಮಾಡ್ತಾರಲ್ಲ, ನಂಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಹುಣಸೆ ಬೀಜ ಆರಿಸಿ ಗುಂಪು ಮಾಡೋಕೆ ಬಿಡಿ, ಬೆರಳಿಗೂ ಶಕ್ತಿ ಬರುತ್ತೆ, ಪೆನ್ಸಿಲ್ ಹಿಡಿಯೋದು ತಾನಾಗೇ ಸುಲಭ ಆಗುತ್ತೆ.

ಸ್ಕೋಪ್ ಇದ್ಯಾ ಅಂದ್ರೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗೆ ಒಂದೇ ಹಂತ ಅಂತ ಮಾಡಿದೆ, ಅದಕ್ಕೆ ಪಠ್ಯಕ್ರಮದ ಚೌಕಟ್ಟು 2022ರಲ್ಲಿ ಬಂತು, ಅದ್ರಲ್ಲೂ ಆಟದ ಮೂಲಕ ಕಲಿಕೆಗೇ ಒತ್ತು. ಆದ್ರೆ ಪ್ರೈವೇಟ್ ನರ್ಸರಿಗಳಲ್ಲಿ ಸಂಬಳ ತುಂಬಾ ಕಮ್ಮಿ, ಸೇರೋರು ಅದನ್ನ ಮೊದಲೇ ಯೋಚಿಸಿ. ನಾನಂತೂ ಇಂಟರ್ನ್‌ಶಿಪ್‌ಗೆ ಹೊಸನಗರ ಕಡೆನೇ ಕೊಡಿ ಅಂತ ಕೇಳಿದೀನಿ.